ಆನಿ ಆಲ್ಬರ್ಸ್ ಮತ್ತು ಪೆರುವಿನ ಗುರುಗಳು

ನೇಯ್ಗೆಯ ಕಲಾವಿದೆ ಆನಿ ಆಲ್ಬರ್ಸ್ 1965ರಲ್ಲಿ ನೇಯ್ಗೆಯ ಬಗ್ಗೆ ಒಂದು ಪುಸ್ತಕ ತಂದರು. ಅದರ ಅರ್ಪಣೆಯ ಪುಟದಲ್ಲಿ ಗಂಡನ ಹೆಸರಿಲ್ಲ, ಅಪ್ಪ ಅಮ್ಮನ ಹೆಸರಿಲ್ಲ, ಪಾಠ ಹೇಳಿದ ಪ್ರೊಫೆಸರುಗಳ ಹೆಸರೂ ಇಲ್ಲ. ಪುಸ್ತಕ ಅರ್ಪಿಸಿರುವುದು ಪ್ರಾಚೀನ ಪೆರುವಿನ ನೇಕಾರರಿಗೆ. ಅವರೇ ತನ್ನ ದೊಡ್ಡ ಗುರುಗಳು ಎಂದು ಬರೆದಿದ್ದಾರೆ. ಸಾವಿರ, ಎರಡು ಸಾವಿರ ವರ್ಷ ಹಿಂದೆ ಬದುಕಿದ್ದ ಜನ. ಒಬ್ಬರ ಹೆಸರೂ ಉಳಿದಿಲ್ಲ. ಉಳಿದಿರುವುದು ಬಟ್ಟೆ ಮಾತ್ರ.

ನನಗೆ ಆನಿಯವರ ಮೇಲೆ ಪ್ರೀತಿ ಹುಟ್ಟಿದ್ದು ಈ ಒಂದು ಸಾಲಿನಿಂದ. ಆಮೇಲೆ ಅವರ ಕೆಲಸ ನೋಡುತ್ತಾ, ಬರಹ ಓದುತ್ತಾ ಹೋದೆ. ಆ ಸಾಲನ್ನು ಅವರು ಬರೀ ವಿನಯಕ್ಕೆ ಬರೆದಿರಲಿಲ್ಲ ಅನ್ನೋದು ಖಾತ್ರಿಯಾಗುತ್ತಾ ಬಂತು. ಕಲಾವಿದರನ್ನು ಯಾರೇ ಮಾತಾಡಿಸಿದರೂ "ನಿಮಗೆ ಸ್ಫೂರ್ತಿ ಯಾರು?" ಅಂತ ಕೇಳಿಯೇ ಕೇಳುತ್ತಾರೆ. ಒಂದು ಹೆಸರು, ಒಂದು ಚಿತ್ರ ಹೇಳಿದರೆ ಮುಗಿಯಿತು. ಆನಿಯವರಿಗೆ ಮಾತ್ರ ಆ ಪ್ರಶ್ನೆಗೆ ಉತ್ತರ ಕೊಡಲು ಇಡೀ ಜೀವಮಾನ ಬೇಕಾಯಿತು. ಪೆರುವಿನ ಬಟ್ಟೆ ನೋಡಿದವರು ಸಾಮಾನ್ಯವಾಗಿ ಅದರ ಚಿತ್ತಾರ ಎತ್ತಿಕೊಳ್ಳುತ್ತಾರೆ. ಹಕ್ಕಿ, ಮೀನು, ಮೆಟ್ಟಿಲು ಮೆಟ್ಟಿಲಾದ ಗೆರೆ. ಆನಿ ಎತ್ತಿಕೊಂಡಿದ್ದು ಆ ಬಟ್ಟೆಯನ್ನು ನೇಯ್ದವರು ಯೋಚಿಸಿದ ರೀತಿಯನ್ನು.

ಅವರು ಹುಟ್ಟಿದ್ದು 1899ರಲ್ಲಿ, ಬರ್ಲಿನ್ನಿನ ಅನುಕೂಲಸ್ಥ ಯಹೂದಿ ಮನೆತನದಲ್ಲಿ. ತಾಯಿಯ ಕಡೆಯವರು ಉಲ್‌ಸ್ಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ಮಾಲೀಕರು. ಹುಡುಗಿಗೆ ಚಿತ್ರ ಬರೆಯುವ ಆಸೆ. 1922ರಲ್ಲಿ ವೈಮಾರ್‌ನ ಬೌಹೌಸ್ ಶಾಲೆ ಸೇರಿದರು. ಹೊಸ ಕಾಲದ ಕಲೆ, ಕಟ್ಟಡ, ಪೀಠೋಪಕರಣ ಎಲ್ಲವನ್ನೂ ಬೇರಿನಿಂದ ಯೋಚಿಸಬೇಕು ಅಂತ ಹೊರಟಿದ್ದ ಶಾಲೆ ಅದು. ಆದರೆ ಅಲ್ಲಿಗೆ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ನೇಯ್ಗೆ ವಿಭಾಗಕ್ಕೇ ಕಳಿಸುತ್ತಿದ್ದರು. ಆನಿ ಗಾಜಿನ ಕೆಲಸ ಕಲಿಯಲು ಬಯಸಿದ್ದರು. ಅದು ಸಿಗಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಮಗ್ಗದ ಮುಂದೆ ಕೂತರು. ನೂಲು ತನ್ನನ್ನು ತನ್ನ ಇಷ್ಟಕ್ಕೆ ವಿರುದ್ಧವಾಗಿ ಹಿಡಿದುಕೊಂಡಿತು ಎಂಬ ಅರ್ಥದ ಮಾತನ್ನು ಅವರೇ ಮುಂದೆ ಹೇಳಿದ್ದಾರೆ. ಗಾಜಿನ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಯೋಸೆಫ್ ಆಲ್ಬರ್ಸ್ ಅವರನ್ನು 1925ರಲ್ಲಿ ಮದುವೆಯಾದರು. ಯೋಸೆಫ್ ಮುಂದೆ ಬಣ್ಣಗಳ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಚಿತ್ರಕಾರ. ಎಷ್ಟೋ ಕಡೆ ಆನಿಯವರ ಪರಿಚಯ ಶುರುವಾಗುವುದೇ ಗಂಡನ ಹೆಸರಿನಿಂದ. ಇಲ್ಲಿ ಅದು ಬೇಡ.

ಬರ್ಲಿನ್ನಿನ ಜನಾಂಗ ಅಧ್ಯಯನದ ವಸ್ತುಸಂಗ್ರಹಾಲಯದಲ್ಲಿ ಆ ಹೊತ್ತಿಗಾಗಲೇ ಪೆರುವಿನ ಹಳೆಯ ಬಟ್ಟೆಗಳ ರಾಶಿಯೇ ಇತ್ತು. ಆನಿ ಅವನ್ನು ಮೊದಲು ಕಂಡಿದ್ದು ಅಲ್ಲೇ. ಇಷ್ಟು ಹಳೆಯ ಬಟ್ಟೆ ಇನ್ನೂ ಹೇಗೆ ಉಳಿದಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಕಾರಣ ಪೆರುವಿನ ಕರಾವಳಿ. ಅಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಸಮುದ್ರದ ಪಕ್ಕದಲ್ಲೇ ಮರಳುಗಾಡು. ಸತ್ತವರನ್ನು ಪದರ ಪದರ ಬಟ್ಟೆಯಲ್ಲಿ ಸುತ್ತಿ ಮರಳಿನಲ್ಲಿ ಹೂಳುತ್ತಿದ್ದರು. ಒಣ ಮರಳು ಬಟ್ಟೆಯನ್ನು ಕೊಳೆಯಲು ಬಿಡಲಿಲ್ಲ. ಪರಾಕಾಸ್ ಎಂಬಲ್ಲಿ ಹೂಲಿಯೋ ಟೆಲ್ಲೋ ಎಂಬ ಪೆರುವಿನ ಪುರಾತತ್ತ್ವಜ್ಞರು 1920ರ ದಶಕದಲ್ಲಿ ಇಂಥ ನೂರಾರು ಗಂಟುಗಳನ್ನು ಹೊರತೆಗೆದರು. ಎರಡು ಸಾವಿರ ವರ್ಷದ ಹಿಂದಿನ ಕೆಂಪು, ನೀಲಿ, ಹಳದಿ ನಿನ್ನೆ ಬಣ್ಣ ಹಾಕಿದಷ್ಟು ಗಾಢವಾಗಿದ್ದವು.

ಆ ಬಟ್ಟೆಗಳನ್ನು ನೇಯ್ದ ಮಗ್ಗವನ್ನು ಮಗ್ಗ ಅನ್ನಲೂ ಮನಸ್ಸು ಹಿಂಜರಿಯುತ್ತದೆ, ಅಷ್ಟು ಸರಳ. ನಾಲ್ಕಾರು ಕೋಲು, ಒಂದು ಹಗ್ಗ, ಸೊಂಟಕ್ಕೊಂದು ಪಟ್ಟಿ. ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ, ಎಳೆಗಳ ಒಂದು ತುದಿಯನ್ನು ಮರಕ್ಕೋ ಗೂಟಕ್ಕೋ ಕಟ್ಟುತ್ತಾರೆ. ಇನ್ನೊಂದು ತುದಿ ನೇಯುವವರ ಸೊಂಟಕ್ಕೆ. ಹಿಂದಕ್ಕೆ ವಾಲಿದರೆ ಎಳೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ನೇಯುವವರ ಮೈಯೇ ಮಗ್ಗದ ಒಂದು ಭಾಗ. ಇದರ ಮೇಲೆ ಅವರು ಏನೇನು ನೇಯ್ದರು ಅಂತ ಹೇಳಿದರೆ ನಂಬುವುದು ಕಷ್ಟ. ಏಕಕಾಲಕ್ಕೆ ಎರಡು ಬಟ್ಟೆಯನ್ನು ಒಂದರ ಮೇಲೊಂದು ನೇಯುತ್ತಿದ್ದರು. ಚಿತ್ತಾರ ಬರುವ ಕಡೆ ಮೇಲಿನ ಪದರ ಕೆಳಕ್ಕೆ, ಕೆಳಗಿನ ಪದರ ಮೇಲಕ್ಕೆ. ಹಾಗಾಗಿ ಬಟ್ಟೆಯ ಈ ಕಡೆ ಕಂದು ನೆಲದ ಮೇಲೆ ಬಿಳಿ ಹಕ್ಕಿ, ಆ ಕಡೆ ಬಿಳಿ ನೆಲದ ಮೇಲೆ ಕಂದು ಹಕ್ಕಿ. ಜಾಲರಿಯಷ್ಟು ತೆಳುವಾದ ಬಟ್ಟೆ ನೇಯ್ದರು. ಹತ್ತಿ ಅವರ ನೆಲದಲ್ಲೇ ಬೆಳೆಯುತ್ತಿತ್ತು, ಅಲ್ಪಾಕಾ ಮತ್ತು ವಿಕುನ್ಯಾ ಎಂಬ ಬೆಟ್ಟದ ಪ್ರಾಣಿಗಳ ಉಣ್ಣೆ ಸಿಗುತ್ತಿತ್ತು. ನಾಲ್ಕೂ ಅಂಚನ್ನು ಮಗ್ಗದ ಮೇಲೇ ಮುಗಿಸುತ್ತಿದ್ದರು. ಕತ್ತರಿ ತಾಗಿಸುತ್ತಲೇ ಇರಲಿಲ್ಲ. ಹೊದಿಕೆಯಾಗಲಿ ಅಂಗಿಯಾಗಲಿ ಎಷ್ಟು ಅಗಲ ಉದ್ದ ಬೇಕೋ ಅಷ್ಟೇ ನೇಯ್ದು ಇಳಿಸುತ್ತಿದ್ದರು.

ನನಗೆ ಇವೆಲ್ಲದರಲ್ಲಿ ಜಾಸ್ತಿ ಬೆರಗು ಹುಟ್ಟಿಸಿದ್ದು ಇನ್ನೊಂದು. ಸಾಮಾನ್ಯವಾಗಿ ಹಾಸಿನ ಎಳೆ ಬಟ್ಟೆಯ ಈ ತುದಿಯಿಂದ ಆ ತುದಿವರೆಗೆ ಒಂದೇ ಬಣ್ಣದಲ್ಲಿ ಓಡುತ್ತದೆ. ಪೆರುವಿನವರು ಅದನ್ನೂ ನಡುವೆ ಬದಲಿಸುತ್ತಿದ್ದರು. ಅಡ್ಡಲಾಗಿ ಒಂದು ತಾತ್ಕಾಲಿಕ ದಾರ ಕಟ್ಟುವುದು. ಕೆಂಪು ಹಾಸು ಅಲ್ಲಿವರೆಗೆ ಬಂದು ಆ ದಾರವನ್ನು ಸುತ್ತಿ ಹಿಂದಕ್ಕೆ ಹೋಗುವುದು. ಅದೇ ಜಾಗದಿಂದ ಹಳದಿ ಹಾಸು ಕೊಂಡಿ ಹಾಕಿಕೊಂಡು ಮುಂದಕ್ಕೆ ಹೊರಡುವುದು. ನೇಯ್ದು ಮುಗಿದ ಮೇಲೆ ಆ ದಾರವನ್ನು ಎಳೆದು ತೆಗೆದುಬಿಡುತ್ತಿದ್ದರು. ಬಟ್ಟೆಯಲ್ಲಿ ಕೆಂಪು ಚೌಕ ಪೂರ್ತಿ ಕೆಂಪು, ಹಳದಿ ಚೌಕ ಪೂರ್ತಿ ಹಳದಿ. ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಇಳಕಲ್ ಸೀರೆಯ ಸೆರಗು ನೆನಪಾಯಿತು. ನಾನು ಕಸೂತಿ ಹಾಕುವವಳು. ಗವಂತಿ, ಮುರಗಿ ಹೊಲಿಗೆ ಹಾಕುವಾಗ ಎಳೆ ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಹಾಗಾಗಿ ಇಳಕಲ್ ಸೀರೆಯನ್ನು ನಾನು ಯಾವಾಗಲೂ ಕಣ್ಣಿಗೆ ತೀರ ಹತ್ತಿರ ಹಿಡಿದೇ ನೋಡುತ್ತೇನೆ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡೂ ಸೇರುವ ಕಡೆ ಒಂದೊಂದು ಎಳೆಯನ್ನೂ ಇನ್ನೊಂದಕ್ಕೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ತೋಪು ತೆನಿ ಸೆರಗು ಅಂದರೆ ಅದೇ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಅಷ್ಟೂ ಕೊಂಡಿ. ಒಂದು ಸೀರೆಗೆ ಒಂದು ಸಲ ಈ ಕೆಲಸ ಆಗಲೇಬೇಕು, ಹಾಗಾಗಿ ಹಾಸನ್ನೂ ಸೀರೆಯ ಲೆಕ್ಕದಲ್ಲೇ ಮಾಡಿಕೊಳ್ಳುತ್ತಾರೆ. ಇಳಕಲ್ಲಿಗೂ ಪೆರುವಿಗೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ನೂಲಿನ ಜೊತೆ ದಿನವಿಡೀ ಇರುವವರಿಗೆ ಒಂದೇ ತೊಡಕು ಎದುರಾದರೆ ಎಲ್ಲೋ ಎರಡು ಕಡೆ ಹತ್ತಿರ ಹತ್ತಿರದ ದಾರಿ ಹೊಳೆಯಬಹುದು.

ನಮ್ಮ ಓಣಿಯಲ್ಲಿ ಕುಣಿ ಮಗ್ಗ ಹಾಕಿಕೊಂಡಿದ್ದ ಒಬ್ಬ ಕಾಕಾ ಇದ್ದರು. ಕಾಲು ಕುಣಿಯೊಳಗೆ, ಕೈಯಲ್ಲಿ ಲಾಳಿ, ಕಿವಿ ಮಾತ್ರ ನಮ್ಮ ಕಡೆ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಕೂತಾಗ ನಾನು ಅವಸರ ಮಾಡಿದರೆ, "ನೂಲ ಜಗ್ಗಬ್ಯಾಡವಾ ತಂಗಿ, ಅದು ಬಂದಷ್ಟ ತೊಗೋ" ಅನ್ನುತ್ತಿದ್ದರು. ಆನಿಯವರ ಪುಸ್ತಕವನ್ನು ಓದುವಾಗ ಆ ಮಾತು ಕಿವಿಯಲ್ಲಿತ್ತು. ಅವರು ಹೇಳುವುದೂ ಇದನ್ನೇ. ವಸ್ತುವಿನ ಮಾತು ಕೇಳಿಸಿಕೊಳ್ಳಬೇಕು. ಎಳೆ ಎತ್ತ ಹೋಗಲು ಒಪ್ಪುತ್ತದೆ, ಎತ್ತ ಒಪ್ಪುವುದಿಲ್ಲ ಅನ್ನುವುದರಿಂದಲೇ ರೂಪ ಹುಟ್ಟಬೇಕು. ತಲೆಯಲ್ಲಿರುವ ಚಿತ್ರವನ್ನು ನೂಲಿನ ಮೇಲೆ ಹೇರಿದರೆ ಬಟ್ಟೆಯೂ ಕೆಡುತ್ತದೆ, ಚಿತ್ರವೂ ಕೆಡುತ್ತದೆ.

ಬೌಹೌಸ್‌ನಲ್ಲಿದ್ದಾಗಲೇ ಇದು ಅವರ ಕೆಲಸದಲ್ಲಿ ಕಾಣುತ್ತದೆ. 1926ರಲ್ಲಿ ಮೂರು ಪದರದ ನೇಯ್ಗೆಯಲ್ಲಿ ರೇಷ್ಮೆಯ ಗೋಡೆಬಟ್ಟೆ ನೇಯ್ದರು. ಬರೀ ಆಯತಗಳು, ಪಟ್ಟಿಗಳು. ಪೆರುವಿನ ಒಂದು ಹಕ್ಕಿಯೂ ಅದರಲ್ಲಿಲ್ಲ. ಆದರೆ ಪದರಗಳು ಜಾಗ ಬದಲಿಸಿಕೊಂಡು ಬಣ್ಣವನ್ನು ಮೇಲೆ ತರುವ ಉಪಾಯ ಪೆರುವಿನವರು ಚೆನ್ನಾಗಿ ಬಲ್ಲ ಉಪಾಯ. 1930ರಲ್ಲಿ ಡಿಪ್ಲೊಮಾಕ್ಕಾಗಿ ಬರ್ನೌ ಎಂಬ ಊರಿನ ಕಾರ್ಮಿಕ ಸಂಘಟನೆಯ ಶಾಲೆಯ ಸಭಾಂಗಣಕ್ಕೆ ಗೋಡೆಗೆ ಹೊದಿಸುವ ಬಟ್ಟೆ ಮಾಡಿಕೊಟ್ಟರು. ಹಿಂಬದಿಗೆ ಶಬ್ದ ಹೀರಿಕೊಳ್ಳುವ ಮೆತ್ತನೆ ನೂಲು, ಮುಂಬದಿಗೆ ಬೆಳಕನ್ನು ಮರಳಿಸುವ ಸೆಲ್ಲೋಫೇನ್. ಚಾಕೊಲೇಟಿಗೆ ಸುತ್ತುವ ಹೊಳಪಿನ ಹಾಳೆ ಇದೆಯಲ್ಲ, ಅದೇ ಜಾತಿಯ ವಸ್ತುವನ್ನು ಎಳೆಯಾಗಿಸಿ ನೇಯ್ದಿದ್ದರು. ಹೀಗೆ ಮಾಡಿದ್ದು ಅಲಂಕಾರಕ್ಕಲ್ಲ. ಆ ಕೋಣೆಯಲ್ಲಿ ಮಾತು ಗುಂಯ್ಗುಡುತ್ತಿತ್ತು, ಅದನ್ನು ಸರಿ ಮಾಡಬೇಕಿತ್ತು.

1933ರಲ್ಲಿ ನಾಜಿಗಳ ಒತ್ತಡಕ್ಕೆ ಬೌಹೌಸ್ ಬಾಗಿಲು ಹಾಕಿತು. ಅದೇ ವರ್ಷದ ಕೊನೆಗೆ ಗಂಡ ಹೆಂಡತಿ ಅಮೆರಿಕಕ್ಕೆ ಬಂದರು. ಉತ್ತರ ಕೆರೊಲಿನಾದ ಬೆಟ್ಟಗಳ ನಡುವೆ ಆಗಷ್ಟೇ ಶುರುವಾಗಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಪಾಠ ಹೇಳಲು ಕರೆ ಬಂದಿತ್ತು. ಹಣವಿಲ್ಲದ ಕಾಲೇಜು. ಆನಿ ಅಲ್ಲಿ ಮಕ್ಕಳಿಗೆ ದೊಡ್ಡ ಮಗ್ಗದಿಂದ ಪಾಠ ಶುರು ಮಾಡಲಿಲ್ಲ. ನೀವು ಪೆರುವಿನ ಮರಳುಗಾಡಿನಲ್ಲಿದ್ದೀರಿ, ಕೈಯಲ್ಲಿ ಏನೂ ಇಲ್ಲ, ಈಗ ಏನು ಮಾಡುತ್ತೀರಿ ಅಂತ ಯೋಚಿಸಿ, ಎನ್ನುತ್ತಿದ್ದರು. ಸೊಂಟಕ್ಕೆ ಕಟ್ಟುವ ಮಗ್ಗವನ್ನು ಅವರಿಂದಲೇ ಮಾಡಿಸುತ್ತಿದ್ದರು. ನೂಲು ಮುಟ್ಟುವ ಮೊದಲು ಜೋಳದ ಕಾಳು, ಹುಲ್ಲು, ತಿರುಚಿದ ಕಾಗದ ಜೋಡಿಸಿ ನೇಯ್ಗೆಯ ಮೈ ಹೇಗಿರುತ್ತದೆ ಅಂತ ಬೆರಳಿಗೆ ತಿಳಿಯುವ ಹಾಗೆ ಮಾಡುತ್ತಿದ್ದರು. ಕಣ್ಣಿಗೆ ಸಿಕ್ಕಷ್ಟು ಕೆಲಸ ಬೆರಳಿಗೆ ಸಿಗುತ್ತಿಲ್ಲ, ಹಾಗಾಗಿ ನಮ್ಮ ಬೆರಳು ಮೊಂಡಾಗುತ್ತಿದೆ ಎಂಬ ಚಿಂತೆ ಅವರ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊಬೈಲ್ ಗಾಜಿನ ಮೇಲೆ ದಿನವಿಡೀ ಬೆರಳು ಜಾರಿಸುವ ನಮಗೆ ಅದು ಇನ್ನೂ ಚೆನ್ನಾಗಿ ಅರ್ಥವಾಗಬೇಕು.

1935ರಿಂದ ಅವರು ಮೆಕ್ಸಿಕೊಗೆ ಹೋಗಲು ಶುರು ಮಾಡಿದರು. ಹತ್ತಕ್ಕೂ ಹೆಚ್ಚು ಸಲ ಲ್ಯಾಟಿನ್ ಅಮೆರಿಕ ಸುತ್ತಿದರು. ಪೆರುವನ್ನು ಕಂಡಿದ್ದು 1953ರಲ್ಲಿ. ಅಷ್ಟು ಹೊತ್ತಿಗೆ ಆ ನಾಡಿನ ಬಟ್ಟೆಯ ಜೊತೆ ಅವರಿಗೆ ಹತ್ತಾರು ವರ್ಷದ ಒಡನಾಟ ಇತ್ತು. ಮೆಕ್ಸಿಕೊದ ಮಾಂಟೆ ಆಲ್ಬಾನ್ ಎಂಬ ಪ್ರಾಚೀನ ಬೆಟ್ಟದೂರಿನ ಹೆಸರಿಟ್ಟು 1936ರಲ್ಲಿ ಒಂದು ಗೋಡೆಬಟ್ಟೆ ನೇಯ್ದರು. ಅದರಲ್ಲಿ ಹಾಸು ಹೊಕ್ಕಿನ ನೆಲದ ಮೇಲೆ ಹೆಚ್ಚಿಗೆ ಒಂದು ಎಳೆ ಸೇರಿಸಿದ್ದಾರೆ. ಆ ಎಳೆ ಬಟ್ಟೆ ಕಟ್ಟುವುದಕ್ಕೆ ಬೇಕಾಗಿಲ್ಲ. ಅದನ್ನು ತೆಗೆದರೂ ಬಟ್ಟೆ ಗಟ್ಟಿಯಾಗೇ ಇರುತ್ತದೆ. ಅದು ನೆಲದ ಮೇಲೆ ತೇಲಿಕೊಂಡು, ಅಲ್ಲಲ್ಲಿ ಒಳಗೆ ಮುಳುಗಿ ಎದ್ದು, ಗೆರೆ ಬರೆಯುತ್ತಾ ಹೋಗುತ್ತದೆ. ಪೆರುವಿನ ನೇಕಾರರಿಂದ ಕಲಿತ ಈ ತೇಲುವ ಎಳೆ ಆನಿಯವರಿಗೆ ಕೊನೆಗೂ ಸಿಕ್ಕ ಪೆನ್ಸಿಲ್. ಚಿತ್ರ ಬರೆಯಬೇಕು ಅಂತ ಮನೆ ಬಿಟ್ಟ ಹುಡುಗಿ ಹದಿನಾಲ್ಕು ವರ್ಷದ ಮೇಲೆ ಮಗ್ಗದಲ್ಲೇ ಗೆರೆ ಎಳೆದಳು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ತಿರುವು ಅನ್ನಿಸುವುದು ಇದೇ.

ಅದೇ ಮಾಂಟೆ ಆಲ್ಬಾನ್‌ನಿಂದ ಬೇರೊಂದು ಕೆಲಸವೂ ಹುಟ್ಟಿತು. ಅಲ್ಲಿಯ ಏಳನೇ ಗೋರಿಯಲ್ಲಿ 1932ರಲ್ಲಿ ಒಡವೆಗಳ ನಿಧಿ ಸಿಕ್ಕಿತ್ತು. ಚಿನ್ನದ ಜೊತೆ ಸಾಧಾರಣ ಚಿಪ್ಪು, ಕಲ್ಲುಗಳನ್ನೂ ಅಷ್ಟೇ ಗೌರವದಿಂದ ಪೋಣಿಸಿದ್ದರು. ಆನಿ ಅದನ್ನು ನೋಡಿ ಬಂದು, ವಿದ್ಯಾರ್ಥಿ ಅಲೆಕ್ಸ್ ರೀಡ್ ಜೊತೆ ಸೇರಿ, 1940ರ ಹೊತ್ತಿಗೆ ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದ ಒಡವೆ ಮಾಡಿದರು. ಒಂದು ಹಾರದ ಪದಕ ಏನು ಗೊತ್ತಾ? ಸಿಂಕಿನ ತೂತಿಗೆ ಹಾಕುವ ಜಾಲರಿ ಬಿಲ್ಲೆ. ಅದರಿಂದ ಪೇಪರ್ ಕ್ಲಿಪ್ಪುಗಳು ಇಳಿಬಿದ್ದಿವೆ. ಫೋಟೊ ನೋಡಿದರೆ ಯಾವುದೋ ರಾಣಿಯ ಕೊರಳಿನದು ಅನ್ನಿಸುತ್ತದೆ. ಇನ್ನೊಂದರಲ್ಲಿ ನಟ್ಟು ಬೋಲ್ಟಿಗೆ ಹಾಕುವ ವಾಷರ್‌ಗಳನ್ನು ರಿಬ್ಬನ್ನಿನಲ್ಲಿ ಪೋಣಿಸಿದ್ದಾರೆ. ಗೋರಿಯಲ್ಲಿ ಸಿಕ್ಕ ಒಡವೆಯ ಆಕಾರ ಇಲ್ಲಿ ಎಲ್ಲೂ ಇಲ್ಲ. ವಸ್ತುವಿಗೆ ಮೇಲು ಕೀಳು ಇಲ್ಲ ಎಂಬ ಆ ಅಕ್ಕಸಾಲಿಗನ ನಂಬಿಕೆ ಮಾತ್ರ ಇದೆ.

ಆನಿ ನೇಯ್ಗೆಯನ್ನು ಬರವಣಿಗೆಯ ಅಕ್ಕ ಅಂತಲೇ ಭಾವಿಸಿದ್ದರು. ಪೆರುವಿನ ಇಂಕಾ ಜನಕ್ಕೆ ನಮ್ಮಂಥ ಲಿಪಿ ಇರಲಿಲ್ಲ. ಅವರ ಲೆಕ್ಕಪತ್ರ ಇದ್ದದ್ದು ದಾರದಲ್ಲಿ. ಒಂದು ಮುಖ್ಯ ಹುರಿಯಿಂದ ಸಾಲಾಗಿ ದಾರಗಳು ಇಳಿಬಿದ್ದಿರುತ್ತವೆ. ಗಂಟು ಎಲ್ಲಿದೆ ಅನ್ನುವುದರ ಮೇಲೆ ಅದು ಬಿಡಿಯೋ, ಹತ್ತೋ, ನೂರೋ ಅಂತ ತಿಳಿಯುತ್ತದೆ. ಇದಕ್ಕೆ ಕಿಪು ಎಂದು ಹೆಸರು. ಗುಹೆಯ ಗೋಡೆ ಮೇಲಿನ ಚಿತ್ರಗಳಷ್ಟೇ ಹಿಂದಿನಿಂದ ನೂಲು ಅರ್ಥವನ್ನು ಹೊತ್ತು ತಂದಿದೆ ಎನ್ನುವುದು ಆನಿಯವರ ವಾದ. 1936ರಲ್ಲೇ 'ಪ್ರಾಚೀನ ಬರಹ' ಎಂದು ಹೆಸರಿಟ್ಟು ಒಂದು ಬಟ್ಟೆ ನೇಯ್ದಿದ್ದರು. ಅದರಲ್ಲಿ ಓದಬಲ್ಲ ಅಕ್ಷರ ಒಂದೂ ಇಲ್ಲ. ಆದರೂ ಕಣ್ಣು ತಾನಾಗಿ ಸಾಲು ಹಿಡಿದು ಸಾಗುತ್ತದೆ.

ಈ ದಾರಿಯ ಕೊನೆಗೆ 'ಆರು ಪ್ರಾರ್ಥನೆಗಳು' ಬರುತ್ತದೆ. ನ್ಯೂಯಾರ್ಕಿನ ಯಹೂದಿ ವಸ್ತುಸಂಗ್ರಹಾಲಯ ನಾಜಿಗಳ ಕೈಯಲ್ಲಿ ಸತ್ತ ಅರವತ್ತು ಲಕ್ಷ ಯಹೂದಿಗಳ ನೆನಪಿಗೆ ಒಂದು ಕೃತಿ ಮಾಡಿಕೊಡಿ ಎಂದು ಕೇಳಿತು. 1966-67ರಲ್ಲಿ ಆನಿ ಅದನ್ನು ನೇಯ್ದರು. ಆಳೆತ್ತರದ ಆರು ಕಿರಿದಾದ ಪಟ್ಟಿಗಳು. ಹತ್ತಿ, ನಾರು, ಲಿನನ್, ಬೆಳ್ಳಿ ಬಣ್ಣದ ಎಳೆ. ದೂರದಿಂದ ಬೂದು, ಕಂದು ಅಷ್ಟೇ ಕಾಣುತ್ತದೆ. ಹತ್ತಿರದಿಂದ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿದೆ. ಕಪ್ಪು ಮತ್ತು ಬಿಳಿ ಎಳೆಗಳು ನೆಲದ ಮೇಲೆ ಅಂಕುಡೊಂಕಾಗಿ ಓಡುತ್ತವೆ, ನಿಲ್ಲುತ್ತವೆ, ಒಂದನ್ನೊಂದು ದಾಟುತ್ತವೆ, ಮತ್ತೆ ಓಡುತ್ತವೆ. ಬರೆಯಲು ಹೋಗಿ ಬರೆಯಲಾಗದೆ ಉಳಿದ ಹಾಗೆ. ಆರು ಪಟ್ಟಿಯೂ ಒಂದೇ ರೀತಿ ಅನ್ನಿಸಿದರೂ ಒಂದರ ಬೆಳಕು ಇನ್ನೊಂದಕ್ಕಿಲ್ಲ. ಅರವತ್ತು ಲಕ್ಷ ಎಂಬ ಸಂಖ್ಯೆ ತಲೆಗೆ ಹತ್ತುವುದಿಲ್ಲ. ಆರು ಜನ ಎದುರಿಗೆ ನಿಂತರೆ ಹತ್ತುತ್ತದೆ. ಆನಿಯವರ ಸ್ವಂತ ಅಪ್ಪ ಅಮ್ಮ 1939ರಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ಮರಳಿನಲ್ಲಿ ಹೂತ ಜನರಿಗೆ ಸುತ್ತಿದ್ದ ಬಟ್ಟೆಯಿಂದ ಕಲಿತ ವಿದ್ಯೆ, ಹೂಳಲು ಗೋರಿಯೂ ಸಿಗದ ಜನರ ನೆನಪಿಗೆ ಬಳಕೆಯಾಯಿತು. ಈ ಮಾತು ಬರೆಯುವಾಗ ನನ್ನ ಕೈ ನಿಜಕ್ಕೂ ತಡೆಯುತ್ತದೆ.

ಇದರ ಜೊತೆ ಒಂದು ಕಸಿವಿಸಿಯನ್ನೂ ಹೇಳಲೇಬೇಕು. ಬರ್ಲಿನ್ನಿಗೆ ಬಂದ ಪೆರುವಿನ ಬಟ್ಟೆಗಳಲ್ಲಿ ಎಷ್ಟೋ ಸಮಾಧಿ ಅಗೆದು ತಂದವು. 1870ರ ದಶಕದಲ್ಲಿ ಆಂಕೊನ್ ಎಂಬಲ್ಲಿ ಇಬ್ಬರು ಜರ್ಮನ್ನರು ದೊಡ್ಡ ಸ್ಮಶಾನವನ್ನೇ ಅಗೆದಿದ್ದರು. ಯಾರದೋ ತಾಯಿಗೆ, ಯಾರದೋ ಮಗುವಿಗೆ ಕೊನೆಯ ಸಲ ಹೊದಿಸಿದ ಬಟ್ಟೆ ಗಾಜಿನ ಪೆಟ್ಟಿಗೆ ಸೇರಿತು. ಆನಿ ಮತ್ತು ಯೋಸೆಫ್ ತಾವೂ ಹಳೆಯ ಮಣ್ಣಿನ ಬೊಂಬೆ, ಬಟ್ಟೆ ಸಂಗ್ರಹಿಸಿದರು. ಆ ಬಟ್ಟೆಯನ್ನು ಆನಿ ನೋಡಿರದಿದ್ದರೆ ಈ ಕೆಲಸ ಯಾವುದೂ ಇರುತ್ತಿರಲಿಲ್ಲ, ಅದು ನಿಜ. ಅದನ್ನು ಅಲ್ಲಿಂದ ಎತ್ತಿ ತಂದದ್ದು ಸರಿಯಾಗುವುದಿಲ್ಲ, ಅದೂ ನಿಜ. ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ನಾನು ಇವರ ಕೆಲಸವನ್ನು ನೋಡುತ್ತೇನೆ. ಒಂದಂತೂ ಹೇಳಬಲ್ಲೆ. ಆ ನೇಕಾರರು "ಹಿಂದುಳಿದ ಜನ", ಅವರ ಬಟ್ಟೆ "ಕುತೂಹಲದ ವಸ್ತು" ಅಂತ ಯುರೋಪು ಭಾವಿಸಿದ್ದ ಕಾಲದಲ್ಲಿ, ಅವರ ಎದುರು ಶಿಷ್ಯೆಯಾಗಿ ಕೂತ ಕಲಾವಿದರು ಜಾಸ್ತಿ ಇರಲಿಲ್ಲ.

1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಆನಿಯವರ ಒಬ್ಬರದೇ ಪ್ರದರ್ಶನ ಏರ್ಪಡಿಸಿತು. ಬಟ್ಟೆಯ ಕೆಲಸ ಮಾಡುವ ಒಬ್ಬರಿಗೇ ಅಂತ ಆ ಸಂಸ್ಥೆ ಪ್ರದರ್ಶನ ಮಾಡಿದ್ದು ಅದೇ ಮೊದಲು. ಆದರೂ ನೇಯ್ಗೆ ಅಂದರೆ ಕೈಕೆಲಸ, ಕಾಗದದ ಮೇಲೆ ಬಂದರೆ ಕಲೆ ಎಂಬ ಭೇದ ಹೋಗಲಿಲ್ಲ. 1963ರಲ್ಲಿ ಗಂಡನ ಜೊತೆ ಲಾಸ್ ಏಂಜಲೀಸ್‌ನ ಲಿಥೋಗ್ರಾಫಿ ಎಂಬ ಕಲ್ಲಚ್ಚು ಮುದ್ರಣದ ಕಾರ್ಯಾಗಾರಕ್ಕೆ ಹೋಗಿದ್ದಾಗ, ಅಲ್ಲಿದ್ದವರು ನೀವೂ ಒಂದು ಕೈ ನೋಡಿ ಅಂದರು. ಮುದ್ರಣ ಕಲೆ ಅವರನ್ನು ಹಿಡಿದುಕೊಂಡಿತು. ಕಾಲಿನ ತೊಂದರೆ ಮೊದಲಿನಿಂದ ಇತ್ತು, ಮಗ್ಗ ತುಳಿಯುವುದು ಕಷ್ಟವಾಗುತ್ತಾ ಬಂದಿತ್ತು. 1970ರ ಹೊತ್ತಿಗೆ ನೇಯ್ಗೆ ಬಿಟ್ಟರು. 1994ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರಿಗೆ ತೊಂಬತ್ತನಾಲ್ಕು. ಮುದ್ರಣಗಳಲ್ಲೂ ಮೊದಮೊದಲು ಬರೆದಿದ್ದು ದಾರವನ್ನೇ. ಸಡಿಲವಾಗಿ ಬಿದ್ದ, ಸುತ್ತಿಕೊಂಡ, ಒಂದರ ಅಡಿಯಲ್ಲಿ ಇನ್ನೊಂದು ನುಸುಳಿದ ದಾರ. ಹಾಸಿನ ಬಿಗಿ ಇಲ್ಲದ ಎಳೆ ಹೇಗೆಲ್ಲ ಹೋಗಬಲ್ಲದು ಅಂತ ನೋಡಲು ಆಗ ಅವರಿಗೆ ಬಿಡುವು ಸಿಕ್ಕಿತು.

ಆನಿಯವರ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದದ್ದು ಅವರ ನೇಯ್ಗೆಯ ನಕ್ಷೆಗಳು. ಚೌಕಳಿ ಹಾಳೆಯ ಮೇಲೆ ಒಂದೊಂದು ಮನೆ ತುಂಬಿ, ಯಾವ ಎಳೆ ಮೇಲೆ ಯಾವ ಎಳೆ ಕೆಳಗೆ ಅಂತ ತೋರಿಸಿದ್ದಾರೆ. ಕಸೂತಿ ಹಾಕುವವರು ಅದನ್ನು ಕಂಡಕೂಡಲೇ ಓದಬಲ್ಲರು. ಪೆರುವಿನ ನೇಯ್ಗೆಯನ್ನು ಫೋಟೊ ಜೊತೆ ಇಟ್ಟು, ಅದು ಹೇಗೆ ಕೂಡಿಕೊಂಡಿದೆ ಅಂತ ಬಿಡಿಸಿ ಹೇಳಿದ್ದಾರೆ. ತೋಪು ತೆನಿಯ ಕೊಂಡಿಯನ್ನೂ ಗುಳೇದಗುಡ್ಡದ ಕುಪ್ಪಸದ ಖಣವನ್ನೂ ಹೀಗೆ ಎಳೆ ಎಳೆಯಾಗಿ ಬಿಡಿಸಿ, ಮಗ್ಗದ ಮೇಲೆ ಕೂತವರ ಮಾತಿನಲ್ಲೇ ಬರೆದ ಪುಸ್ತಕವೊಂದನ್ನು ಕನ್ನಡದಲ್ಲಿ ಓದಬೇಕು ಅಂತ ನನಗೆ ತುಂಬ ಆಸೆ. ಆ ಕೆಲಸಕ್ಕೆ ನೇಯುವವರೂ ಬೇಕು, ನಕ್ಷೆ ಬರೆಯುವವರೂ ಬೇಕು. ನಕ್ಷೆ ಬರೆದುಕೊಡಲು ನಾನಿದ್ದೇನೆ. ಇಳಕಲ್, ಗುಳೇದಗುಡ್ಡ ಕಡೆಯ ನೇಕಾರರ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮಾತಾಡಿ. ಮೊದಲು ಸೆರಗಿನ ಕೊಂಡಿಯಿಂದಲೇ ಶುರು ಮಾಡೋಣ.